ಮೂಲೆಯ ವಿಮಾನ

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎನ್ನುತ್ತಾರೆ. ನನ್ನ ಗಂಡನ ವಿಷಯ ಬಂದಾಗ ಮಾತ್ರ ಜನ ಅದನ್ನು ಮರೆತುಬಿಟ್ಟರು. ಹಾರಿಸಬೇಡಿ ಎಂದು ಕಟ್ಟಿದ್ದ ಕೆಂಪು ಬಟ್ಟೆಯನ್ನು ಕಿತ್ತೆಸೆದು ವಿಮಾನ ಹತ್ತಿದವನು, ಮುಹೂರ್ತ ಮೀರುತ್ತದೆ ಎಂದು ಒಂದು ಹುಡುಗಿಯ ಪ್ರಾಣದ ಜೊತೆ ಆಟವಾಡಿದವನು. ಹೊಸೂರಿನಲ್ಲಿ ಪ್ರಮೋದನ ಹೆಸರು ಈಗ ಹೀಗೆ ಉಳಿದಿದೆ. ಮನೆಗೆ ಬೀಗ ಹಾಕಿದ ಮೇಲೆ ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಮತ್ತೆ ಬಾಗಿಲು ತೆಗೆದು ನೋಡುತ್ತಿದ್ದ ಮನುಷ್ಯನ ಬಗ್ಗೆ ಈ ಮಾತು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಆದರೂ ಹಲ್ಲು ಕಚ್ಚಿಕೊಂಡು, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ತಿಪಟೂರಿನ ಕಡೆಯವರು. ಪ್ರಮೋದನಿಗೆ ಸೂಳಗಿರಿ ಹತ್ತಿರದ ಹಾರಾಟದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದ್ದರಿಂದ ಹೊಸೂರಿಗೆ ಬಂದು ಬಾಗಲೂರು ರಸ್ತೆಯಲ್ಲಿ ಮನೆ ಮಾಡಿದೆವು. ಶಾಲೆ ಎಂದರೆ ದೊಡ್ಡದೇನಲ್ಲ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಟೊಮೇಟೊ ತೋಟಗಳ ನಡುವೆ ಒಂದು ರನ್‌ವೇ, ಒಂದು ಹ್ಯಾಂಗರು, ಒಂದು ಆಫೀಸು ಕೋಣೆ. ಆ ಕೋಣೆಯಲ್ಲಿ ಕೂತು ಫೋನು ಎತ್ತುವವಳು, ರೇಡಿಯೋದಲ್ಲಿ ಮೇಲಿರುವವರ ಜೊತೆ ಮಾತಾಡುವವಳು ನಾನು. ಶಾಲೆ ಕಟ್ಟಿಸಿದ್ದು ಅಲಮೇಲು ಮಾಮಿಯ ಯಜಮಾನರು. ತಲೆಮಾರುಗಳಿಂದ ಹೊಸೂರಿನಲ್ಲೇ ಇರುವ ಮನೆತನ ಅವರದು. ಅವರು ತೀರಿಕೊಂಡ ಮೇಲೆ ಮಾಮಿಯೇ ಒಡತಿ. ಮಾಮಿ ಒಳ್ಳೆಯವರು. ಇದನ್ನು ಈಗಲೂ ಹೇಳುತ್ತೇನೆ, ಹೇಳುವಾಗ ನಾಲಿಗೆ ಕಹಿಯಾಗುತ್ತದೆ, ಅಷ್ಟೇ.

ಶಾಲೆಗೆ ಇದ್ದದ್ದು ಎರಡೇ ವಿಮಾನ. ಎರಡೂ ನನಗಿಂತ ಹಿರಿಯವು. ಎರಡಕ್ಕೂ ಬಿಳಿ ಮೈ, ನೀಲಿ ಪಟ್ಟಿ. ಬಾಲದ ಮೇಲಿನ ಅಕ್ಷರ ಓದದಿದ್ದರೆ ಹೊರಗಿನವರಿಗೆ ಯಾವುದು ಯಾವುದೆಂದು ತಿಳಿಯದು. ಕಾವಲಿನ ಹನುಮಯ್ಯ ಅವಕ್ಕೆ ದೊಡ್ಡಮ್ಮ, ಚಿಕ್ಕಮ್ಮ ಎಂದು ಹೆಸರಿಟ್ಟಿದ್ದ. ದೊಡ್ಡಮ್ಮ ಹ್ಯಾಂಗರಿನ ಒಳಮೂಲೆಯಲ್ಲಿ ನಿಲ್ಲುತ್ತಿತ್ತು, ಚಿಕ್ಕಮ್ಮ ಬಾಗಿಲ ಪಕ್ಕ. ಮಾಮಿ ಎರಡನ್ನೂ ಫ್ಲೈಟ್ ಎನ್ನುತ್ತಿದ್ದರು. ಮೂಲೆಯ ಫ್ಲೈಟ್, ಬಾಗಿಲ ಫ್ಲೈಟ್.

ದೊಡ್ಡಮ್ಮನಿಗೆ ಮುಂದಿನ ಚಕ್ರದ ಕಾಯಿಲೆ. ಈ ಬಗೆಯ ವಿಮಾನಕ್ಕೆ ಮೂಗಿನ ಕೆಳಗೊಂದು ಚಕ್ರ, ಹಿಂದೆ ಎರಡು. ನೆಲದ ಮೇಲೆ ಓಡುವಾಗ ಪೈಲಟ್ ಪೆಡಲು ತುಳಿದರೆ ಮುಂದಿನ ಚಕ್ರ ಎಡಕ್ಕೋ ಬಲಕ್ಕೋ ತಿರುಗಬೇಕು. ದೊಡ್ಡಮ್ಮನ ಚಕ್ರ ವೇಗ ಏರುತ್ತಿದ್ದಂತೆ ತರಕಾರಿಯ ತಳ್ಳುಗಾಡಿಯ ಚಕ್ರದ ಹಾಗೆ ಗಡಗಡ ನಡುಗುತ್ತಿತ್ತು. ಒಳಗೆ ಕೂತವರ ಹಲ್ಲು ಕಟಕಟ ಎನ್ನುತ್ತಿದ್ದವು. ಹಿಂದಿದ್ದ ಎಂಜಿನಿಯರು ಪ್ರತಿ ಸಲವೂ ಡ್ಯಾಂಪರ್ ಬದಲಾಯಿಸುತ್ತಿದ್ದ. ಅದು ಆ ನಡುಕವನ್ನು ಹೀರಿಕೊಳ್ಳಲು ಇಟ್ಟಿರುವ, ಎಣ್ಣೆ ತುಂಬಿದ ಸಣ್ಣ ಕೊಳವೆ. ಬದಲಾಯಿಸಿದರೆ ಸ್ವಲ್ಪ ಕಾಲ ಸುಮ್ಮನಿರುವುದು, ಆಮೇಲೆ ಮತ್ತೆ ಶುರು.

ಅವನು ಬಿಟ್ಟುಹೋದ ಮೇಲೆ ಬಂದವಳು ನಂದಿತಾ. ಕೋಲಾರದ ಹುಡುಗಿ, ಮಾತು ಒರಟು, ಕೈ ಚುರುಕು. ಬಂದವಳೇ ಡ್ಯಾಂಪರನ್ನು ನೋಡಿ ನಕ್ಕಳು.

"ತಲೆನೋವಿಗೆ ದಿಂಬು ಬದಲಾಯಿಸ್ದಂಗೆ ಆಯ್ತಲ್ಲಕ್ಕ ಇದು. ಹನುಮಯ್ಯಣ್ಣಾ, ಬಾಲ ಒತ್ತಿ ಹಿಡ್ಕೊ ಬಾ."

ಹನುಮಯ್ಯ ಬಾಲದ ಹತ್ತಿರ ಭಾರ ಹಾಕಿದ. ಮೂಗು ಮೇಲೆದ್ದು ಚಕ್ರ ನೆಲ ಬಿಟ್ಟಿತು. ನಂದಿತಾ ನೆಲದ ಮೇಲೆ ಕೂತು ಟಯರನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದಳು. ಒಳಗೆ ಕೂತಿದ್ದ ಪ್ರಮೋದ ಪೆಡಲು ಅಲ್ಲಾಡುತ್ತಿಲ್ಲ ಎಂದ.

"ನೋಡಿದ್ರಾ? ಚಕ್ರ ತಿರುಗ್ತೈತೆ, ಪೆಡಲಿಗೆ ಸುದ್ದೀನೇ ಇಲ್ಲ. ನಡುವೆ ಎಲ್ಲೋ ಸವೆದೈತೆ. ಸವೆದಿರೋದನ್ನ ಬಿಟ್ಟು ಡ್ಯಾಂಪರ್ ಹಾಕಿದ್ರೆ ಅದೂ ಪಾಪ ಎಷ್ಟು ದಿನ ತಡ್ಕೊಂತೈತೆ?"

ಮೇಲಿಂದ ಕೆಳಗೆ ಒಂದೊಂದೇ ಕೀಲನ್ನು ಬೆರಳಿಟ್ಟು ಅಲ್ಲಾಡಿಸುತ್ತ ಬಂದಳು. ಪೆಡಲಿನಿಂದ ಬರುವ ಸರಳುಗಳು ಪರವಾಗಿರಲಿಲ್ಲ. ತೊಂದರೆ ಇದ್ದದ್ದು ಕತ್ತರಿಯಲ್ಲಿ. ಚಕ್ರದ ಕಾಲಿಗೆ ಮುಂದೆ ಮಡಚುವ ಎರಡು ಲೋಹದ ತೋಳುಗಳಿರುತ್ತವೆ, ಒಂದು ಬೋಲ್ಟು ಅವೆರಡನ್ನೂ ಸೇರಿಸುತ್ತದೆ. ಹ್ಯಾಂಗರಿನಲ್ಲಿ ಅದನ್ನು ಕತ್ತರಿ ಎನ್ನುತ್ತಾರೆ. ಚಕ್ರವನ್ನು ನೇರ ಹಿಡಿಯುವುದೇ ಅದು. ಬೋಲ್ಟು ಕೂರುವ ಲೋಹದ ಬಳೆ, ಅಂದರೆ ಬುಷ್, ದುಂಡಗಿರಬೇಕಾದದ್ದು ಕೋಳಿಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಬೋಲ್ಟಿನ ನಡು ತೆಳ್ಳಗಾಗಿತ್ತು. ಹೊಸವನ್ನು ಬೆಂಗಳೂರಿಗೆ ಬರೆದು ತರಿಸಲು ಹೇಳಿ, ಕತ್ತರಿ ಬಿಚ್ಚಿಟ್ಟು, ದೊಡ್ಡಮ್ಮನ ಪ್ರೊಪೆಲ್ಲರಿಗೆ ಕೆಂಪು ಬಟ್ಟೆ ಕಟ್ಟಿದಳು. ನಮ್ಮಲ್ಲಿ ಅದೇ ಕಾನೂನು. ಕೆಂಪು ಬಟ್ಟೆ ಕಂಡರೆ ಒಡತಿ ಹೇಳಿದರೂ ಯಾರೂ ಮುಟ್ಟುವಂತಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಪ್ರಮೋದನ ಅಮ್ಮನ ವರ್ಷದ ತಿಥಿಯೂ ಅದೇ ವಾರಕ್ಕೆ ಹಿಂದೆ ಮುಂದೆ ಬಿದ್ದಿತ್ತು. ಇಬ್ಬರೂ ತಿಪಟೂರಿಗೆ ಹೋದೆವು. ಆಯುಧಪೂಜೆಗೆ ನಾವಿರಲಿಲ್ಲ. ವಿಜಯದಶಮಿಯ ಬೆಳಿಗ್ಗೆಯೇ ವಾಪಸು ಬರಬೇಕಿತ್ತು, ಯಾಕೆಂದರೆ ಮಾಮಿಯ ಮೊಮ್ಮಗಳು ಮಾಧವಿಗೆ ಅಂದು ಮೊದಲ ಪಾಠ. ವಿದ್ಯೆ ಶುರುಮಾಡಲು ವಿಜಯದಶಮಿಗಿಂತ ಒಳ್ಳೆಯ ದಿನ ಉಂಟೆ? ಉಳಿದವರ ಮಕ್ಕಳು ಅಕ್ಕಿಯಲ್ಲಿ ಅಕ್ಷರ ಬರೆಯುತ್ತಾರೆ. ಮಾಮಿಯ ಮೊಮ್ಮಗಳು ಆಕಾಶಕ್ಕೆ ಹೋಗಬೇಕು.

ನಾವು ಶಾಲೆ ಸೇರಿದಾಗ ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಹೊಸ ಚೂಡಿದಾರ ಹಾಕಿ ಮಲ್ಲಿಗೆ ಮುಡಿದ ಮಾಧವಿ ಹೆದರಿಕೆಯನ್ನು ನಗುವಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಕಾಲೇಜು ಮೆಟ್ಟಿಲು ಹತ್ತಿದ ವರ್ಷ ಅದು ಅವಳಿಗೆ. ಪ್ರಮೋದ ನೇರ ಹ್ಯಾಂಗರಿಗೆ ಹೋದ. ನಾನೂ ಹಿಂದೆಯೇ ಹೋದೆ. ಅವನು ನೋಡಿದ್ದನ್ನು ನಾನೂ ನೋಡಿದ್ದೇನೆ, ಈ ಕಣ್ಣಲ್ಲಿ.

ಕೆಂಪು ಬಟ್ಟೆ ಚಿಕ್ಕಮ್ಮನ ಪ್ರೊಪೆಲ್ಲರಿಗೆ ಕಟ್ಟಿತ್ತು. ದೊಡ್ಡಮ್ಮನಿಗೆ ಇರಲಿಲ್ಲ. ದೊಡ್ಡಮ್ಮನ ಕತ್ತರಿ ಜೋಡಿಸಿ ಆಗಿತ್ತು, ಹೂವು ಕುಂಕುಮ ಎಲ್ಲ ಇತ್ತು.

"ನಂದಿತಾ ಇದನ್ನ ಮುಗಿಸಿ ಅದಕ್ಕೆ ಕೈ ಹಾಕಿದಾಳೆ ಅನ್ಸುತ್ತೆ" ಎಂದೆ ನಾನು.

"ಇರಬಹುದು. ಪುಸ್ತಕ ನೋಡೋಣ" ಎಂದ ಪ್ರಮೋದ.

ವಿಮಾನಕ್ಕೆ ಏನೇನು ಮಾಡಿದೆ ಎಂದು ಬರೆದಿಡುವ ಪುಸ್ತಕವಿದೆ. ಆದರೆ ಈ ಸೀಮೆಯಲ್ಲಿ ಆಯುಧಪೂಜೆಯ ದಿನ ಸರಸ್ವತಿ ಪೂಜೆಯೂ ಹೌದು. ಆಯುಧದ ಜೊತೆ ಪುಸ್ತಕಗಳನ್ನೂ ಪೂಜೆಗಿಟ್ಟು, ಮಾರನೆಯ ದಿನ ಪುನಃಪೂಜೆ ಆಗುವವರೆಗೆ ಯಾರೂ ತೆರೆಯುವುದಿಲ್ಲ. ನಮ್ಮ ಆಫೀಸಿನ ಪುಸ್ತಕಗಳೆಲ್ಲ ರೇಷ್ಮೆ ವಸ್ತ್ರ ಹೊದ್ದು ಹ್ಯಾಂಗರಿನಾಚೆಯ ಪೂಜೆಯ ಚಪ್ಪರದಲ್ಲಿ ಸರಸ್ವತಿಯ ಪಟದ ಕೆಳಗೆ ಕೂತಿದ್ದವು.

"ಶಾಸ್ತ್ರಿಗಳು ಬರ್ಲಿ ಪ್ರಮೋದ್, ಅವ್ರು ಬಂದು ಕದಲಿಸಿದ್ಮೇಲೆ ತಗೊಳ್ಳಿ" ಎಂದರು ಮಾಮಿ. "ಅಷ್ಟ್ರಲ್ಲಿ ಮುಹೂರ್ತ ಹೋಗುತ್ತೆ. ಫ್ಲೈಟ್‌ಗೆ ನಿನ್ನೇನೇ ಪೂಜೆ ಆಗಿದೆ, ನಿಂಬೆಹಣ್ಣು ಹತ್ತಿಸಿ ಆಗಿದೆ. ಅದಕ್ಕೇನೂ ದೋಷ ಇಲ್ಲ."

ಪ್ರಮೋದ ನಂದಿತಾಳಿಗೆ ಫೋನು ಮಾಡಿದ. ಹಬ್ಬಕ್ಕೆ ಅವಳು ಅತ್ತೆಮನೆ ನಾಟ್ರಾಂಪಾಳ್ಯಕ್ಕೆ ಹೋಗಿದ್ದಳು. ಅಂಚೆಟ್ಟಿ ದಾಟಿದ ಮೇಲೆ ಕಾಡು, ಅಲ್ಲಿ ಸಿಗ್ನಲ್ಲು ಎಲ್ಲಿಂದ ಬರಬೇಕು? ಹನುಮಯ್ಯನನ್ನು ಕೇಳೋಣವೆಂದರೆ ಅವನು ಇನ್ನೂ ಬಂದಿರಲಿಲ್ಲ. ಪ್ರಮೋದ ವಿಮಾನದ ಸುತ್ತ ಬಂದು ಎಲ್ಲ ಮುಟ್ಟಿ ನೋಡಿದ. ಕತ್ತರಿಯ ಹತ್ತಿರ ಬಗ್ಗಿದ. ಹನುಮಯ್ಯ ಭಕ್ತಿಯಿಂದ ಒಂದೊಂದು ನಟ್ಟಿಗೂ ಗಂಧ ಮೆತ್ತಿ ಕುಂಕುಮ ಇಟ್ಟಿದ್ದ. ರಾತ್ರಿಯೆಲ್ಲ ಒಣಗಿ ಅದು ಗಾರೆಯಂತೆ ಕೂತಿತ್ತು. ಪ್ರಮೋದ ಕೈಯಿಟ್ಟು ಅಲ್ಲಾಡಿಸಿದ, ಗಟ್ಟಿಯಾಗಿತ್ತು. ಇಷ್ಟಾದ ಮೇಲೂ ಚಿಕ್ಕಮ್ಮನ ಹತ್ತಿರ ಹೋಗಿ ಕೆಂಪು ಬಟ್ಟೆಯ ಗಂಟನ್ನು ಮುಟ್ಟಿ ನೋಡಿಕೊಂಡು ಬಂದ.

"ಇದಂತೂ ಬೇಡ. ದೊಡ್ಡಮ್ಮನನ್ನೇ ತಗೊಂಡು ಹೋಗ್ತೀನಿ, ಒಂದು ಸುತ್ತು" ಎಂದ.

ಮಾಧವಿಯನ್ನು ಕೂರಿಸಿಕೊಂಡು ದೊಡ್ಡಮ್ಮ ರನ್‌ವೇ ಹಿಡಿದು ಓಡಿ ಮೇಲೆದ್ದಳು. ನಾನು ರೇಡಿಯೋ ಮುಂದೆ ಕೂತೆ. ನೆಲ ಬಿಟ್ಟ ಕೂಡಲೇ ಪ್ರಮೋದನ ದನಿ ಬಂತು. "ದೊಡ್ಡಮ್ಮ ಮತ್ತೆ ಶುರು ಮಾಡಿದ್ಲು ಕಣೆ. ಈ ಸಲ ಜೋರು. ನಂದಿತಾ ಬರ್ಲಿ, ವಿಚಾರಿಸ್ಕೋತೀನಿ."

ನಕ್ಕೆ. ಅದೇ ನಾನು ನಕ್ಕ ಕೊನೆಯ ನಗು.

ವಿಮಾನ ಎದ್ದ ಮೇಲೆ ಕೆಲಸಕ್ಕೆ ಬಂದಿದ್ದ ಹನುಮಯ್ಯ ರನ್‌ವೇ ಮೇಲಿನಿಂದ ನಡೆದು ಬಂದ. ಬೆಳಗಿನ ಕೆಲಸ ಅವನದು ಅದೇ, ರನ್‌ವೇ ಮೇಲೆ ಕಲ್ಲು ಕಡ್ಡಿ ಆರಿಸುವುದು. ಅಂಗೈ ತೆರೆದು ತೋರಿಸಿದ.

"ಯಾವ್ದೋ ಬೋಲ್ಟು ಬಿದ್ದೈತೆ ಕಣವ್ವ. ಬಿಸೀನೂ ಆರಿಲ್ಲ."

ಹಿಂದೆಯೇ ನಂದಿತಾ ಬಂದಳು, ಬಸ್ಸಿಳಿದು ಹೆದ್ದಾರಿಯಿಂದ ನಡೆದು. ಕೈಯಲ್ಲಿ ಅತ್ತೆ ಕೊಟ್ಟ ಹುಣಸೆಹಣ್ಣಿನ ಚೀಲ. ಬೋಲ್ಟು ನೋಡಿದಳು. ಚೀಲ ಅಲ್ಲೇ ಬಿಟ್ಟು ಹ್ಯಾಂಗರಿಗೆ ಓಡಿದಳು. ನಾನು ಹೋಗುವಷ್ಟರಲ್ಲಿ ಚಿಕ್ಕಮ್ಮನ ಮುಂದೆ ನಿಂತು ಎರಡು ಕೈಯಿಂದ ತಲೆ ಹಿಡಿದುಕೊಂಡಿದ್ದಳು.

"ಇದಕ್ಕೆ ಯಾಕೆ ಬಟ್ಟೆ? ಅಕ್ಕಾ, ಇದಕ್ಕೆ ಯಾರು ಬಟ್ಟೆ ಕಟ್ಟಿದ್ದು? ಮೂಲೇಲಿ ದೊಡ್ಡಮ್ಮ ಇರ್ಬೇಕಿತ್ತು!"

ಆಗ ತಿಳಿಯಿತು ಪೂಜೆಯ ದಿನದ ಕಥೆ. ಬುಷ್ ಇನ್ನೂ ಬಂದಿರಲಿಲ್ಲ. ಕತ್ತರಿ ಬಿಚ್ಚಿಟ್ಟ ದೊಡ್ಡಮ್ಮನನ್ನು ನೋಡಿ ಮಾಮಿ ಒಪ್ಪಲಿಲ್ಲವಂತೆ. ಭಿನ್ನವಾದದ್ದಕ್ಕೆ ಪೂಜೆ ಇಲ್ಲ, ಜೋಡಿಸಲೇಬೇಕು, ನಿಂಬೆಹಣ್ಣಿನ ಮೇಲೆ ಉರುಳಲೇಬೇಕು. ಹತ್ತು ಹೆಜ್ಜೆ ತಳ್ಳುವುದಕ್ಕೆ ತಾನೆ ಎಂದು ನಂದಿತಾ ಹಳೆಯ ಬೋಲ್ಟನ್ನೇ ತೂರಿಸಿದಳು. ಬಿಗಿಯಲು ಸ್ಪ್ಯಾನರ್ ಬೇಕಲ್ಲ? ಸ್ಪ್ಯಾನರು, ಇಕ್ಕಳ, ಅಳತೆ ನೋಡಿ ಬಿಗಿಯುವ ಟಾರ್ಕ್ ರೆಂಚು ಎಲ್ಲವೂ ಆಗಲೇ ಬಾಳೆಯೆಲೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಪೂಜೆಗಿಟ್ಟ ಆಯುಧವನ್ನು ಮುಟ್ಟಬಾರದು. ಬೆರಳಲ್ಲಿ ತಿರುಗಿಸಿದಷ್ಟು ತಿರುಗಿಸಿ ಬಿಟ್ಟಳು. ನಟ್ಟು ಬಿಚ್ಚದಂತೆ ತಡೆಯುವ ಸಣ್ಣ ಪಿನ್ನನ್ನೂ ಹಾಕಲಿಲ್ಲ, ನಾಳೆ ಬಿಚ್ಚುವುದೇ ಇದೆಯಲ್ಲ ಎಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಪೂಜೆಗೆ ಈ ಎಣ್ಣೆ ಬಟ್ಟೆ ಇರಬಾರ್ದು ಅಂತ ಮಾಮಿನೇ ಬಿಚ್ಚಿದ್ರಕ್ಕ. ಮುಗಿದ ತಕ್ಷಣ ಕಟ್ಟಿ ಅಂತ ಕಾಲು ಹಿಡ್ಕೊಳ್ಳೋ ಹಂಗೆ ಹೇಳ್ದೆ. ನಾನೇ ಕಟ್ತೀನಿ, ನೀನು ಬಸ್ ನೋಡ್ಕೋ ಅಂದ್ರು."

ಹನುಮಯ್ಯ ಮೂಲೆಯ ಕಡೆ ಕೈ ತೋರಿಸಿದ. "ಪೂಜೆಗೆ ಎಲ್ಡೂ ಈಚೆಗೆ ತಂದು ಮೂಡಲಕ್ಕೆ ತಿರುಗಿಸಿದ್ವಲ್ಲವ್ವ. ಒಳಕ್ಕೆ ತಳ್ಳೋವಾಗ ಚಿಕ್ಕಮ್ಮನೇ ಮೊದ್ಲು ಸಿಕ್ತು. ತಳ್ಬುಟ್ವಿ. ಅದು ಮೂಲೆಗೆ ಹೋಯ್ತು."

ಮಾಮಿ ಮಾತಿಗೆ ತಪ್ಪಲಿಲ್ಲ. ಮರೆಯದೆ ಕಟ್ಟಿದ್ದರು. ಮೂಲೆಯಲ್ಲಿ ನಿಂತಿದ್ದಕ್ಕೆ ಕಟ್ಟಿದ್ದರು.

ಮೂವರೂ ಓಡಿದೆವು. ಮಾಮಿ ದೂರದ ಚಪ್ಪರದಲ್ಲಿ ಸರಸ್ವತಿಯ ಪಟದ ಮುಂದೆ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಹನುಮಯ್ಯ ಏನು ಹೊಳೆಯಿತೋ ಕೆಂಪು ಬಟ್ಟೆಯನ್ನು ಚಿಕ್ಕಮ್ಮನ ಪ್ರೊಪೆಲ್ಲರಿನಿಂದ ಕಿತ್ತುಕೊಂಡು ರನ್‌ವೇ ಕಡೆ ಓಡಿದ, ಇಳೀಬೇಡಿ ಎಂದು ಬೀಸಿ ತೋರಿಸಲು. ರೇಡಿಯೋ ಇರುವುದನ್ನೇ ಮರೆತಿದ್ದ. ನಂದಿತಾ ರೇಡಿಯೋ ಎತ್ತಿದಳು.

"ಅಣ್ಣಾ, ನಾನು ನಂದಿತಾ. ಮುಂದಿನ ಕತ್ತರಿ ಬೋಲ್ಟು ಬಿದ್ದೋಗೈತೆ. ನಾನು ಬರೀ ಕೈಯಲ್ಲಿ ಬಿಗಿದಿದ್ದೆ, ಪೂಜೆಗೆ. ಹಾರ್ಸೋಕಲ್ಲಣ್ಣಾ."

ಪ್ರಮೋದನ ದನಿ ಬಂತು.

"ಹಾಗಾದ್ರೆ ಚಿಕ್ಕಮ್ಮನ ಮೇಲಿದ್ದ ಬಟ್ಟೆ ಇದರದ್ದಾ?"

"ಹೌದಣ್ಣಾ. ಮಾಮಿ ಜಾಗ ನೋಡಿ ಕಟ್ಬುಟ್ಟವ್ರೆ."

"ಸರಿ. ಅದಿರ್ಲಿ ಈಗ. ತಗ್ಗಲ್ಲಿ ಹಾದು ಹೋಗ್ತೀನಿ, ಚಕ್ರ ಹೇಗಿದೆ ನೋಡಿ ಹೇಳು."

ದೊಡ್ಡಮ್ಮ ನಮ್ಮ ತಲೆಯ ಮೇಲೆಯೇ ಹಾದುಹೋದಳು. ಕತ್ತರಿ ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು. ಚಕ್ರ ಅಡ್ಡಕ್ಕೆ ತಿರುಗಿತ್ತು, ನನಗೇ ಕಾಣುವಷ್ಟು. ಆ ಚಕ್ರ ಹಾಗೆಯೇ ನೆಲಕ್ಕೆ ತಾಗಿದರೆ ಉರುಳುವುದಿಲ್ಲ, ಗುದ್ದಲಿಯ ಹಾಗೆ ಕಚ್ಚುತ್ತದೆ ಎಂದು ನಂದಿತಾ ಅತ್ತುಕೊಂಡೇ ಹೇಳಿದಳು.

ಬೆಂಗಳೂರಿನ ದೊಡ್ಡ ರನ್‌ವೇಗೆ ಹೋಗು ಎಂದೆ ನಾನು. ಉದ್ದದ ಸಮಸ್ಯೆ ಅಲ್ಲ, ಮೂಗಿನ ಸಮಸ್ಯೆ, ಇಲ್ಲಿ ಗಾಳಿ ಎದುರಿಗೆ ನೇರವಾಗಿದೆ, ಪಾಠ ಕಲಿಸಿ ಕಲಿಸಿ ಈ ರನ್‌ವೇಯ ಒಂದೊಂದು ಉಬ್ಬೂ ಗೊತ್ತು ಎಂದ. ಬೆಂಕಿ ಹತ್ತಬಾರದೆಂದು ಪೆಟ್ರೋಲು ಮುಗಿಯುವವರೆಗೂ ಸೂಳಗಿರಿಯ ಬಂಡೆಬೆಟ್ಟಗಳ ಮೇಲೆ ಸುತ್ತು ಹಾಕಿದ. ಅಷ್ಟು ಹೊತ್ತೂ ಮಾಧವಿಯ ಕಿವಿಗೂ ಹೆಡ್‌ಫೋನು ಇತ್ತು. ನಾನು ಏನು ಮಾತಾಡಲಿ? ಗಂಡನ ಜೊತೆ ಆಡಬೇಕಾದ ಮಾತನ್ನು ಆ ಹುಡುಗಿ ಕೇಳಿದರೆ ಧೈರ್ಯ ಕಳೆದುಕೊಳ್ಳುತ್ತಾಳೆ. ಅವನಿಗೂ ಹಾಗೇ ಆಗಿರಬೇಕು.

"ಮಧ್ಯಾಹ್ನಕ್ಕೆ ಏನು ಅಡುಗೆ?" ಎಂದು ಕೇಳಿದ.

"ಊರಿಂದ ತಂದ ಒಬ್ಬಟ್ಟಿದೆ. ಸಾರು ಮಾಡಬೇಕು."

"ಮಾಧವೀನೂ ಊಟಕ್ಕೆ ಬರ್ತಾಳಂತೆ. ಜಾಸ್ತಿ ಮಾಡು."

ಹೂಂ ಎಂದೆ.

ಇಳಿಸಿದ್ದು ಮಾತ್ರ, ಕಂಡವರು ಯಾರೂ ಹೆಸರಿಡಲಾರರು. ಎಂಜಿನು ಆರಿಸಿ, ಹಿಂದಿನ ಎರಡು ಚಕ್ರ ನೆಲಕ್ಕೆ ತಾಗಿದ್ದೂ ತಿಳಿಯದ ಹಾಗೆ ಇಳಿಸಿದ. ಮೂಗನ್ನು ಎತ್ತಿ ಹಿಡಿದ, ಹಿಡಿದೇ ಇದ್ದ. ವೇಗ ಇಳಿಯುತ್ತ ಇಳಿಯುತ್ತ ಮೊಪೆಡ್ಡಿನಷ್ಟಾಗಿತ್ತು. ಇನ್ನು ಪರವಾಗಿಲ್ಲ ಎನ್ನುವಾಗ ಮೂಗು ತನ್ನ ಭಾರಕ್ಕೆ ತಾನೇ ಕುಸಿಯಿತು. ಅಡ್ಡ ಚಕ್ರ ಕಚ್ಚಿತು, ಕಾಲು ಮುರಿಯಿತು. ವಿಮಾನ ಬಲಕ್ಕೆ ಸೆಳೆದು ರನ್‌ವೇ ಬಿಟ್ಟು, ಅಂಚಿನ ಬಂಡೆಗೆ ಹೊಡೆದು ಮಗುಚಿತು. ಮೇಷ್ಟ್ರು ಕೂರುವುದು ಬಲಗಡೆ. ಎಡಗಡೆ ಕೂತಿದ್ದ ಮಾಧವಿಗೆ ಭುಜದ ಮೂಳೆ ಮುರಿಯಿತು. ಪ್ರಮೋದನ ಕತ್ತು ಮುರಿದಿತ್ತು. ನಾನು ಓಡಿ ಮುಟ್ಟಿದಾಗ ಮೈ ಬೆಚ್ಚಗಿತ್ತು, ಕಣ್ಣು ತೆರೆದೇ ಇತ್ತು. ಕರೆದೆ. ಇಲ್ಲ.

ಹನುಮಯ್ಯ ಅಲ್ಲೇ ಕುಸಿದು ಕೂತಿದ್ದ. ಅವನ ಕೈಯಿಂದ ಬಿದ್ದ ಕೆಂಪು ಬಟ್ಟೆ ಮಗುಚಿದ ವಿಮಾನದ ಪಕ್ಕದಲ್ಲಿ ಬಿದ್ದಿತ್ತು.

ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಸಿಕ್ಕಿದ್ದು ಆ ಬಟ್ಟೆ. ಕೆಟ್ಟಿದ್ದ ವಿಮಾನಕ್ಕೆ ತಾವೇ ಕೈಯಾರೆ ಕಟ್ಟಿದ್ದಾಗಿ ಮಾಮಿ ಹೇಳಿಕೆ ಕೊಟ್ಟರು. ಅಂದಮೇಲೆ ಬಿಚ್ಚಿದವನು ಪೈಲಟ್ಟೇ ಇರಬೇಕು. ನಂದಿತಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೋಲ್ಟು ಬಿಗಿಯದೆ ಬಿಟ್ಟವಳು ನೀನು, ತಪ್ಪಿಸಿಕೊಳ್ಳಲು ಏನು ಬೇಕಾದರೂ ಹೇಳುತ್ತೀಯ ಎಂದರು. ಹನುಮಯ್ಯ ಹೇಳಿದ. ಅವನು ನಂದಿತಾಳ ಕಡೆಯವನು ಎಂದರು. ನಾನು ಹೇಳಿದೆ. ಪಾಪ, ಗಂಡನನ್ನು ಕಳೆದುಕೊಂಡಿದ್ದಾಳೆ ಎಂದರು. ಪಾಪವಂತೆ! ಆ ಮಾತಿಗೆ ಎದ್ದು ಬಂದೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಮಿ ನಮ್ಮ ಮನೆಗೆ ಬಂದರು. ಜೊತೆಗೆ ಮಾಧವಿ, ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು. ಹುಡುಗಿ ಆಸ್ಪತ್ರೆಯಿಂದ ಬಂದಾಗಿನಿಂದ ಯಾರ ಜೊತೆಯೂ ಮಾತಾಡುತ್ತಿಲ್ಲ ಎಂದು ಕೇಳಿದ್ದೆ. ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಮಾಮಿ ನನ್ನ ಕೈ ಹಿಡಿದು ಅತ್ತರು. ಕಳ್ಳ ಅಳುವಲ್ಲ, ನಿಜವಾದ ಅಳು.

"ನಮ್ಮ ಕೂಸನ್ನ ಉಳಿಸಿಕೊಟ್ಟ ಶ್ರೀವಿದ್ಯಾ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಆ ಬಟ್ಟೆ ಯಾಕೆ ಬಿಚ್ಚಿದನೋ, ಯಾವ ಗಳಿಗೆಯೋ. ದುಡುಕಿದ. ಇರ್ಲಿ. ನನ್ನ ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ನಾನು ಅವನನ್ನ ಕ್ಷಮಿಸಿಬಿಟ್ಟಿದ್ದೀನಿ."

ಕ್ಷಮಿಸಿದ್ದಾರಂತೆ. ಕೈ ಬಿಡಿಸಿಕೊಂಡೆ. ಬೈಯಬೇಕೆಂದು ಬಾಯಿ ತೆರೆದೆ, ಆದರೆ ಬಂದದ್ದು ಬೈಗುಳವಲ್ಲ.

"ಮಾಮಿ, ನೀವು ಬಟ್ಟೆ ಕಟ್ಟಿದಾಗ ಆ ವಿಮಾನ ಎಲ್ಲಿ ನಿಂತಿತ್ತು?"

"ಎಲ್ಲಿ ಅಂದ್ರೆ? ಯಾವಾಗ್ಲೂ ನಿಲ್ಲೋ ಜಾಗದಲ್ಲಿ. ಮೂಲೇಲಿ."

"ಮೂಲೇಲಿ ಇದ್ದದ್ದು ದೊಡ್ಡಮ್ಮ ಅಂತ ಹೇಗೆ ಗೊತ್ತು?"

"ಮೂಲೆಯದು ತಾನೇ ಕೆಟ್ಟಿದ್ದು? ಬೆಳಿಗ್ಗೆ ನಾನೇ ಬಿಚ್ಚಿದ್ದೆನಲ್ಲ ಮೂಲೆಯ ಫ್ಲೈಟಿಂದ."

"ಬೆಳಿಗ್ಗೆ ಬಿಚ್ಚಿದ್ದು ದೊಡ್ಡಮ್ಮನಿಂದಾನೇ. ಆಮೇಲೆ ಎರಡನ್ನೂ ಪೂಜೆಗೆ ಹೊರಗೆ ತಂದ್ರಲ್ಲ ಮಾಮಿ. ಸಾಯಂಕಾಲ ಒಳಗೆ ತಳ್ಳಿದಾಗ ಯಾವುದು ಮೊದಲು ಹೋಯ್ತು? ನೀವು ಅಲ್ಲೇ ಪುರಿ ಕಡಲೆ ಹಂಚ್ತಾ ನಿಂತಿದ್ರಂತೆ."

ಮಾಮಿಯ ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ, ಆ ಸಂಜೆಯನ್ನು ನೋಡುತ್ತಿತ್ತು. ಅವರ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದವು.

"ಮೂಲೇಲಿ ಇದ್ದದ್ದಕ್ಕೇ ಕಟ್ಟಿದೆ ಕಣಮ್ಮ" ಎಂದರು. "ಮರೀಬಾರ್ದು ಅಂತ ಸೆರಗಿಗೆ ಗಂಟು ಹಾಕ್ಕೊಂಡಿದ್ದೆ."

"ಅವನು ಬಟ್ಟೆ ಬಿಚ್ಚಲಿಲ್ಲ ಮಾಮಿ. ಬಟ್ಟೆ ನೋಡಿದ, ಗಂಟು ಮುಟ್ಟಿ ನೋಡಿದ, ಅದನ್ನ ಬಿಟ್ಟು ಇನ್ನೊಂದನ್ನ ತಗೊಂಡು ಹೋದ. ನೀವು ಕಟ್ಟಿದ್ದಕ್ಕೆ ಮರ್ಯಾದೆ ಕೊಟ್ಟೇ ಸತ್ತ."

ಈ ಮಾತನ್ನು ಅವರ ಮುಖಕ್ಕೆ ಹೇಳಬೇಕೆಂದು ಎಷ್ಟು ದಿನದಿಂದ ಹಲ್ಲು ಮಸೆಯುತ್ತಿದ್ದೆ. ಹೇಳಿದರೆ ಉರಿ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ನೋಡನೋಡುತ್ತಿದ್ದಂತೆ ಮುದುಕಿಯಾದರು. ಅಯ್ಯೋ ಎನ್ನಿಸಿತು. ಆ ಕ್ಷಣದಲ್ಲಿ ಅವರು, ನಡಿ, ಆಫೀಸರ ಹತ್ತಿರ ಹೋಗಿ ಹೇಳಿಬಿಡೋಣ ಎಂದಿದ್ದರೆ ನಾನು ಅವರ ಕೈ ಹಿಡಿದು ಆಟೋ ಹತ್ತಿಸುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ಅಷ್ಟೇ ಸಾಕಿತ್ತು ನನಗೆ.

ಮಾಮಿ ಕಣ್ಣು ಒರೆಸಿಕೊಂಡರು. ತೆರೆದಿದ್ದ ಬೀದಿ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ಬಾಗಿ ದನಿ ತಗ್ಗಿಸಿದರು.

"ಶ್ರೀವಿದ್ಯಾ, ಇದು ಇನ್ಯಾರಿಗೆ ಗೊತ್ತು? ನಿಮ್ಮ ಮೂರು ಜನಕ್ಕೆ ಬಿಟ್ಟು?"

ಗೋಡೆಯ ಪಕ್ಕದಿಂದ ಮಾಧವಿ ತಲೆ ಎತ್ತಿದಳು.

"ನಂಗೆ ಗೊತ್ತು, ಪಾಟಿ" ಎಂದಳು ಅಜ್ಜಿಯನ್ನೇ ನೋಡಿ. "ಮೇಲಿದ್ದಾಗಲೇ ಗೊತ್ತಾಯ್ತು. ಸಾರ್ ರೇಡಿಯೋದಲ್ಲಿ ಕೇಳಿದ್ದು ನಂಗೂ ಕೇಳಿಸ್ತು."